ಜ್ವರ ಅಂತ ಹೇಳಬೇಡಿ

ಅತ್ತೆ,

ನೀವು ಏಳುವ ಮೊದಲೇ ಹೊರಟಿದ್ದೇವೆ. ನಿಮ್ಮ ಮಗ ಆಗಲೇ ವ್ಯಾನ್ ಸ್ಟಾರ್ಟ್ ಮಾಡಿದ್ದಾರೆ. ಕೂತಲ್ಲಿ ಕೂರಲಾಗದೆ ನಿಂತೇ ಬರೀತಿದ್ದೇನೆ.

ಅಡುಗೆ ಫ್ರಿಜ್‌ನಲ್ಲಿದೆ, ಬಿಸಿ ಮಾಡಿಕೊಂಡೇ ತಿನ್ನಿ. ಬಿಪಿ ಮಾತ್ರೆ ಟೀವಿ ಪಕ್ಕ ಇಟ್ಟಿದ್ದೇನೆ. ಮರೆತುಬಿಟ್ಟು ಆಮೇಲೆ ನನ್ನ ತಲೆಗೆ ಕಟ್ಟಬೇಡಿ.

ಹೋಗುತ್ತಿರುವುದು ಸಮುದ್ರದ ಪಕ್ಕದ ಹಳೇ ರಸ್ತೆಯಲ್ಲಿ, ಇವರು ವಾರಕ್ಕೆರಡು ಸಲ ಐಸ್ ಸಾಗಿಸುವ ದಾರಿ. ಲೈಟ್‌ಹೌಸ್ ಇರುವ ಊರು, ವ್ಯಾನನ್ನೂ ಹತ್ತಿಸಿಕೊಳ್ಳುವ ದೋಣಿ, ಮುಗಿಯದಷ್ಟು ಉದ್ದದ ಸೇತುವೆ. ಒಂಬತ್ತು ವರ್ಷದಿಂದ ಎಲ್ಲವನ್ನೂ ಇವರ ಬಾಯಲ್ಲಿ ಕೇಳಿದ್ದೇ ಆಯಿತು. ಮೂರು ದಿನ ಪಕ್ಕದ ಸೀಟಿನಲ್ಲಿ ಕೂತು ನನ್ನ ಕಣ್ಣಲ್ಲೇ ನೋಡಿ ಬರುತ್ತೇನೆ.

ಹತ್ತು ಗಂಟೆಗೆ ಗಾರ್ಮೆಂಟ್ಸ್ ಸೂಪರ್‌ವೈಸರ್ ನಿಮಗೆ ಫೋನ್ ಮಾಡುತ್ತಾನೆ. ಗಾಬರಿಯಾಗಿ ಜ್ವರ ಅಂದುಬಿಡಬೇಡಿ. ರಜೆಗೋಸ್ಕರ ನಮ್ಮಜ್ಜಿಯನ್ನು ಎರಡು ಸಲ ಸಾಯಿಸಿದ್ದೇನೆ, ನಿಮಗೂ ಒಮ್ಮೆ ಟೈಫಾಯ್ಡ್ ಬರಿಸಿದ್ದೇನೆ. ಇನ್ನು ಸಾಕು. ಈ ಸಲ ಅರ್ಜಿಯಲ್ಲಿ "ಗಂಡನ ಜೊತೆ ಸಮುದ್ರ ನೋಡಲು" ಅಂತ ನಿಜವನ್ನೇ ಬರೆದೆ. "ಇದೂ ಒಂದು ಕಾರಣವೇನಮ್ಮಾ?" ಅಂತ ನಕ್ಕ. ನಮ್ಮ ಸಾಲಿನ ಹೆಂಗಸರು ಒಬ್ಬರೂ ನಗಲಿಲ್ಲ. ಸಹಿ ಹಾಕದೆ ವಾಪಸ್ ತಳ್ಳಿದ. ಅದನ್ನು ಅವನ ಮೇಜಿನ ಮೇಲೇ ಬಿಟ್ಟು ಬಂದೆ.

ಕೆಲಸ ಹೋಗಬಹುದು, ಗೊತ್ತು. ಆದರೆ ಇವತ್ತು ನೀವು ಜ್ವರ ಅಂದರೆ ನಾಳೆ ನನ್ನ ಪಕ್ಕದ ಮೆಷಿನ್‌ನವಳೂ ಸುಳ್ಳೇ ಹೇಳಬೇಕಾಗುತ್ತದೆ.

ಇಷ್ಟೇ ಹೇಳಿ: "ನನ್ನ ಸೊಸೆ ಸಮುದ್ರ ನೋಡೋಕೆ ಹೋಗಿದ್ದಾಳೆ, ಸೋಮವಾರ ಕೆಲಸಕ್ಕೆ ಬರ್ತಾಳೆ." ಅದಕ್ಕೂ ಏನಾದರೂ ಅಂದರೆ, ನನ್ನನ್ನು ಬೈಯೋಕೆ ಒಂದು ಗಂಟಲಿದೆಯಲ್ಲ ನಿಮಗೆ, ಅದನ್ನು ಅವನ ಮೇಲೆ ಬಿಡಿ.