ಸುಣ್ಣದ ಮೇಲಿನ ಬಣ್ಣ

ಫೆಬ್ರವರಿ 11, 1958. ಬೆಳಿಗ್ಗೆ 8

ಎಂದಿನಂತೆ ಮೊದಲು ನಮ್ಮ ಬಣ್ಣದ ಫ್ಯಾಕ್ಟರಿ ತಾರಸಿ. ಪರೀಕ್ಷೆಗೆ ಬಣ್ಣ ಬಳಿದಿಟ್ಟ ಸಿಮೆಂಟ್ ಹಲಗೆಗಳನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ಹಾಲಿನ ಕೇಸೀನ್ ಅಂಟಿನ ಬಣ್ಣ ಬಟ್ಟೆಗೆ ಬಂತು. ಹೊಸ ಪಿ.ವಿ.ಎ. ಅಂಟಿನದು ಚೂರೂ ಬರಲಿಲ್ಲ! ಒಂದು ಮಳೆಗಾಲ ಕಂಡ ಹಲಗೆ. ಅಕ್ರಿಲಿಕ್ ಇನ್ನೂ ಮೇಲಂತೆ — ವಿದೇಶದಿಂದ ತರಿಸಲು ಲೈಸೆನ್ಸ್ ಎಲ್ಲಿದೆ... ಯಜಮಾನರು ಸಿದ್ದಬಸಪ್ಪನವರಿಗೆ ಹೇಳಿದೆ, ಪಿ.ವಿ.ಎ. ಇರಲಿ. ಕೆಮಿಸ್ಟ್ ನಾನು, ಆಯ್ಕೆ ನನ್ನದೇ. ಜಂಬ ಬಂದಿದೆ, ಬರೆದುಬಿಡುತ್ತೇನೆ.

ಮಾರ್ಚ್ 17

ರಾಜಾಜಿನಗರದಲ್ಲಿ ನಮ್ಮ ಬಣ್ಣದ ಮೊದಲ ಮನೆ. ಗುರುಬಸಪ್ಪ ಮೇಷ್ಟ್ರದು. ಪೇಂಟರ್ ಕಾಮಾಕ್ಷಿಪಾಳ್ಯದ ಮುನಿರಾಮಯ್ಯ, ಹಳೇ ಕೈ.

"ಯುಗಾದಿ ಅಲ್ವಾ ಸ್ವಾಮಿ, ಸುಣ್ಣ ಸೋಕದೆ ಮನೆಗೆ ಕಳೆ ಬರಲ್ಲ. ನಿನ್ನೆ ಬಣ್ಣದ ಕೆಳಗೆ ಒಂದು ಕೈ ಸುಣ್ಣ ಕೊಟ್ಟೆ. ನೀವು ಒಳ್ಳೇ ಬಣ್ಣ ಅಂದ್ರಿ, ನಾನೂ ಮೇಷ್ಟ್ರಿಗೆ ಮಾತು ಕೊಟ್ಟಿದೀನಿ."

ಹಸಿ ಸುಣ್ಣ. ನನ್ನ ಹಲಗೆಗಳಿಗೆ ಸುಣ್ಣ ಬಳಿದೇ ಇರಲಿಲ್ಲ. ಹೊರಗೋಡೆ ಆಗಲೇ ಗುಲಾಬಿಯಾಗಿತ್ತು. ಚೆನ್ನಾಗಿದೆ ಅಂದು ಬಂದುಬಿಟ್ಟೆ.

ಏಪ್ರಿಲ್ 2

ಸುಣ್ಣದ ಮೇಲೆ ಬಣ್ಣ ಬಳಿದು ಹದಿನೈದು ದಿನ ಒದ್ದೆ ಗೋಣಿಯಲ್ಲಿಟ್ಟ ಹಲಗೆ. ಉಗುರು ತಾಗಿಸಿದರೆ ಪುಡಿ. ಸುಣ್ಣದ ಕ್ಷಾರ ಅಂಟನ್ನೇ ತಿಂದಿದೆ. ಈ ಊರಲ್ಲಿ ಸುಣ್ಣ ಕಾಣದ ಗೋಡೆ ಯಾವುದಿದೆ? ಇಷ್ಟು ಹೊಳೆಯಲಿಲ್ಲವಲ್ಲ ನನಗೆ!

ಯಜಮಾನರಿಗೆ ತೋರಿಸಿದೆ. "ಡಬ್ಬ ಎಲ್ಲಾ ಅಂಗಡಿಗೆ ಹೋಗಾಯ್ತು. ಸುಮ್ನಿರಿ ವೆಂಕಟೇಶ್."

ಹಲಗೆಯನ್ನು ಮತ್ತೆ ಗೋಣಿಯಲ್ಲಿ ಸುತ್ತಿಟ್ಟೆ.

ಮೇ 19

ಎರಡು ದಿನ ಜೋರು ಮಳೆ. ಗೋಡೆಯ ಬಣ್ಣ ತೊಳೆದು ಮೇಷ್ಟ್ರ ಅಂಗಳವೆಲ್ಲ ಗುಲಾಬಿ ಬಣ್ಣದ ನೀರು.

ಮೇ 21

ರಿಪೋರ್ಟ್ ಯಜಮಾನರೇ ಟೈಪ್ ಮಾಡಿಸಿಟ್ಟಿದ್ದರು. ಬಣ್ಣ ತೊಳೆದುಹೋಗಲು ಪೇಂಟರ್ ನೀರು ಜಾಸ್ತಿ ಬೆರೆಸಿದ್ದೇ ಕಾರಣ — ಕೆಳಗೆ ಕೆಮಿಸ್ಟ್ ಸಹಿಗೆ ಜಾಗ. ಆಗಲ್ಲ ಅನ್ನಬೇಕಿತ್ತು. ಸಹಿ ಹಾಕಿದೆ. ನಾಚಿಕೆಯಾಗುತ್ತಿದೆ.

ಜೂನ್ 10. ಸಂಜೆ

ಮುನಿರಾಮಯ್ಯ ಗೇಟಿಗೆ ಬಂದಿದ್ದರು. ರಿಪೋರ್ಟಿನ ಮಾತು ಹರಡಿ ಮೂರು ವಾರದಿಂದ ಯಾರೂ ಅವರನ್ನು ಕೆಲಸಕ್ಕೆ ಕರೆದಿಲ್ಲ. ಜಗಳಕ್ಕೆ ಬಂದರೆಂದುಕೊಂಡೆ. ಜಗಳವಾಡಿದ್ದರೆ ಚೆನ್ನಾಗಿತ್ತು. ಕೈಯಲ್ಲಿ ಬಕೆಟ್, ಒಂದು ಚೊಂಬು.

"ಓದಿದೋರು ಬರೆದ್ಮೇಲೆ ತಪ್ಪು ನಂದೇ ಇರ್ಬೇಕು ಸ್ವಾಮಿ. ವಯಸ್ಸಾಯ್ತು, ಅಳತೆ ತಪ್ಪಿರ್ಬೋದು. ಎಷ್ಟು ನೀರು ಹಾಕ್ಬೇಕು, ಒಂದ್ಸಲ ತೋರಿಸ್ಕೊಡಿ."

ಕಿಟಕಿಯಲ್ಲಿ ಯಜಮಾನರು. ಚೊಂಬು ಈಸಿಕೊಂಡೆ. ನೀರು ತುಂಬಿದೆ. ಮುನಿರಾಮಯ್ಯ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಬಕೆಟ್ಟಿಗೆ ಸುರಿದು ತೋರಿಸಿದೆ. ಹೇಳಿದೆ, "ಇಷ್ಟೇ ಮುನಿರಾಮಯ್ಯ. ಇದರ ಮೇಲೆ ಒಂದು ಹನಿಯೂ ಹೆಚ್ಚಾಗಬಾರದು."