ಏಳು ಮುನಿಕೃಷ್ಣಮ್ಮಂದಿರು

ಶೆಟ್ಟಿಹಳ್ಳಿ
13 ಮಾರ್ಚ್ 2025

ಧನು, ನನ್ನ ಸಿಡುಕಿ ಮಗಳೇ,

ನಾಲ್ಕು ದಿನದಿಂದ ಫೋನ್ ಎತ್ತಿಲ್ಲ ನೀನು. ಸರಿಯಾಗೇ ಮಾಡಿದ್ದೀಯ. ಎತ್ತಿದ್ದರೆ ನಾನು ಮತ್ತೆ ಕೂಗುತ್ತಿದ್ದೆ. ಇಪ್ಪತ್ತು ವರ್ಷ ಧಿಕ್ಕಾರ ಕೂಗಿ ಮೆತ್ತಗೆ ಮಾತಾಡುವುದೇ ಮರೆತುಹೋಗಿದೆ. ಅದಕ್ಕೇ ಈ ಕಾಗದ. ಹೆಬ್ಬಾಳಕ್ಕೆ ಮನೆಗೆಲಸಕ್ಕೆ ಬರುವ ರತ್ನಕ್ಕನ ಕೈಲಿ ನಿನ್ನ ಪಿಜಿಗೆ ಕಳಿಸುತ್ತಿದ್ದೇನೆ. ಅವಳೆದುರು ಓದಬೇಡ, ಊರಿಗೆಲ್ಲ ಸಾರುತ್ತಾಳೆ.

ಕಂಪ್ಯೂಟರಿನ ಜಾವಾಸ್ಕ್ರಿಪ್ಟ್ ಭಾಷೆ ಕಲಿಯುತ್ತ ನೀನು ಸಣ್ಣಸಣ್ಣ ಕೋಡುಗಳ ಆ ಪುಟ್ಟ ಲೈಬ್ರರಿ ಕಟ್ಟಲು ಕೂತಾಗ ನಾನು ನಕ್ಕಿದ್ದೆ. "ರೆಡಿ ಸಿಗೋದನ್ನ ಮತ್ತೆ ಯಾಕೆ ಬರೀತೀಯ?" ಅಂದಿದ್ದೆ. ನೀನು ಅಡುಗೆಮನೆ ತೋರಿಸಿದೆ. "ಜರಡಿ ಬೇರೆ, ಲಟ್ಟಣಿಗೆ ಬೇರೆ ಅಲ್ವಾಮ್ಮ? ಇದೂ ಹಂಗೇ. ಒಂದೊಂದು ಕೆಲಸಕ್ಕೆ ಒಂದೊಂದು ಫಂಕ್ಷನ್. ನಾನೇ ಬರೆದ್ರೆ ತಪ್ಪೂ ನಂದೇ ಆಗತ್ತೆ, ಆಗ ಕಲೀತೀನಿ." ಖಾಲಿ ಜಾಗ ತೆಗೆಯಲು ಒಂದು, ಪಟ್ಟಿಯನ್ನು ಹತ್ತತ್ತಾಗಿ ಒಡೆಯಲು ಒಂದು, ಎರಡೆರಡು ಸಲ ಬಂದದ್ದನ್ನು ಅಳಿಸಲು ಒಂದು. ಹೀಗೆ ಹನ್ನೊಂದು. ನಮ್ಮಂಥವರ ಮಕ್ಕಳಿಗೆ ಇನ್ನೊಬ್ಬರು ಮಾಡಿಟ್ಟದ್ದನ್ನು ಒರೆಸಿಡುವುದಷ್ಟೇ ಗೊತ್ತು ಎನ್ನುವವರ ಮುಖಕ್ಕೆ ಆ ಹನ್ನೊಂದನ್ನೂ ಹಿಡಿಯಬೇಕು ಅನ್ನಿಸಿತ್ತು.

ಅದಕ್ಕೇ ನಮ್ಮ ಮನೆಗೆಲಸದವರ ಸಂಘದ ನಿವೇಶನದ ಪಟ್ಟಿ ನಿನಗೆ ಕೊಟ್ಟೆ. ಕೆಲವರು ಎರಡೆರಡು ಹಾಳೆಯಲ್ಲಿ ಹೆಸರು ಬರೆಸಿದ್ದರು, ಹೆಚ್ಚಾದದ್ದನ್ನು ನಿನ್ನ ಫಂಕ್ಷನ್ ಅಳಿಸಿತು. ಸೋಮವಾರ ಅರ್ಜಿಗೆ ಕೊನೇ ದಿನ. ಪಟ್ಟಿಯಲ್ಲಿ ಹೆಸರಿಲ್ಲದವಳಿಗೆ ಜಾಗವಿಲ್ಲ. ಭಾನುವಾರದ ಸಭೆಯಲ್ಲಿ ನಾನು ಓದುತ್ತ ಹೋದೆ. "ಮುನಿಕೃಷ್ಣಮ್ಮ" ಎಂದೆ. ಏಳು ಜನ ಎದ್ದು ನಿಂತರು. ಹಾಳೆಯಲ್ಲಿ ಇದ್ದದ್ದು ಒಬ್ಬಳೇ.

ಮುನೇಶ್ವರನಿಗೆ ಹರಕೆ ಹೊತ್ತು ಹೆತ್ತ ಊರು ನಮ್ಮದು. ಮನೆಗೊಂದು ಮುನಿ ಇದ್ದೇ ಇದೆ. ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರಿಗೂ ಹೊಳೆಯಲಿಲ್ಲ.

"ಅಪಾರ್ಟ್‌ಮೆಂಟ್‌ನೋರ್ಗೂ ನಾವೆಲ್ಲ ಒಬ್ಳೇ, ನಿನ್ ಕಂಪ್ಯೂಟ್ರಿಗೂ ಒಬ್ಳೇನಾ ಧನೂ?" ಅಂದಳು ರತ್ನಕ್ಕ. ಎಲ್ಲರೂ ನಕ್ಕರು. ಆ ಏಳು ಜನ ನಗಲಿಲ್ಲ.

ನಾನು ತಟ್ಟನೆ ಮಿಷಿನ್ ಕೆಟ್ಟಿದೆ ಅಂದೆ. ನೀನು ಎದ್ದೆ. "ಮಿಷಿನ್ ತಪ್ಪಲ್ಲ ಕಣ್ರೀ, ನನ್ ತಪ್ಪು. ಹೆಸರೊಂದೇ ಆದ್ರೆ ಆಳೂ ಒಬ್ರೇ ಅಂದ್ಕೊಂಡು ಬರೆದೆ." ಮಗಳ ಮಾನ, ಸಂಘದ ಮಾನ ಎಲ್ಲ ಹೋಯಿತು ಅನ್ನಿಸಿ, "ಬಾಯ್ಮುಚ್ಚಿ ಕೂತ್ಕೊಳೇ" ಎಂದು ನೂರು ಜನರೆದುರು ಕಿರುಚಿದೆ.

ನೀನು ಕೂತೆ. ಬಾಯಿ ಮಾತ್ರ ಮುಚ್ಚಲಿಲ್ಲ. ಅಲ್ಲೇ ನೆಲದ ಮೇಲೆ ಲ್ಯಾಪ್‌ಟಾಪ್ ತೆರೆದು, ಏಳು ಜನರನ್ನೂ ಸುತ್ತ ಕೂರಿಸಿಕೊಂಡು, ಮನೆ ನಂಬರ್ ಕೇಳಿದೆ, ತಾಯಿಯ ಹೆಸರು ಕೇಳಿದೆ. ಗಂಡನ ಹೆಸರು ಕೇಳಲಿಲ್ಲ. ಅವರಲ್ಲಿ ಮೂವರಿಗೆ ಗಂಡನಿಲ್ಲ ಎಂಬುದು ನಿನ್ನ ನೆನಪಿನಲ್ಲಿತ್ತು. ಧನು, ಅದನ್ನು ನಾನು ನಿನಗೆ ಹೇಳಿಕೊಟ್ಟಿರಲಿಲ್ಲ.

ಆಮೇಲೆ ನೀನು ಫಂಕ್ಷನ್ ತಿದ್ದುವ ಮೊದಲೇ ಅದಕ್ಕೊಂದು ಪರೀಕ್ಷೆ ಇಟ್ಟೆ. ಏಳು ಮುನಿಕೃಷ್ಣಮ್ಮಂದಿರು ಒಳಗೆ ಹೋದರೆ ಏಳೂ ಜನ ಹೊರಗೆ ಬರಬೇಕು. ಮೊದಲ ಸಲ ತಪ್ಪು ಎಂದು ಕೆಂಪಕ್ಷರ ಬಂತು. ಅದನ್ನೂ ಮರೆಮಾಚದೆ ಅವರಿಗೆ ತೋರಿಸಿದೆ. ತಿದ್ದಿದ ಮೇಲೆ ಹಸಿರು ಬಂದಾಗ ಹಿರಿಯ ಮುನಿಕೃಷ್ಣಮ್ಮ ಪರದೆ ಮುಟ್ಟಿ, "ಇದ್ರಾಗೆ ನಾನ್ ಯಾವೋಳವ್ವಾ?" ಎಂದಳು. ನೀನು ಅವಳ ಬೆರಳು ಹಿಡಿದು ಅವಳ ಸಾಲಿನ ಮೇಲಿಟ್ಟೆ.

ಸೋಮವಾರ ಅರ್ಜಿ ಕೊಟ್ಟೆವು. ಎಲ್ಲರ ಹೆಸರೂ ಇತ್ತು. ಹೋರಾಟದಲ್ಲಿ ಎಷ್ಟೋ ನಾಯಕರನ್ನು ಕಂಡಿದ್ದೇನೆ. ಮೈಕಿನ ಮುಂದೆ ಸರ್ಕಾರವನ್ನೇ ಅಲ್ಲಾಡಿಸುತ್ತಿದ್ದರು. "ನನ್ ತಪ್ಪು" ಅಂದವರನ್ನು ಒಬ್ಬರನ್ನೂ ಕಾಣಲಿಲ್ಲ.

ನಾನು ಕಿರುಚಿದ್ದು ತಪ್ಪು. ಬರೆದು ಕೊಡುತ್ತಿದ್ದೇನೆ, ಇಟ್ಟುಕೋ.

ನಿನ್ನಮ್ಮ,
ರಾಧಾಮಣಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಹದಿನಾರು ವರ್ಷದ ಹಿಂದೆ ರೇಷನ್ ಕಾರ್ಡಿನ ಪಟ್ಟಿಯನ್ನು ನಾನೇ ಕೈಯಲ್ಲಿ ಬರೆದೆ. ಪಟಾಲಮ್ಮ ಎಂದು ಎರಡು ಕಡೆ ಕಂಡಿತು. ಒಂದನ್ನು ಹೊಡೆದುಹಾಕಿದೆ. ಅವರು ಇಬ್ಬರಿದ್ದರು. ಗೊತ್ತಾದ ಮೇಲೆ ಆಫೀಸಿನವರ ಮೋಸ ಅಂತ ಧರಣಿ ಕೂರಿಸಿದೆ. ಕಾರ್ಡಿಲ್ಲದ ಪಟಾಲಮ್ಮನೇ ಎಲ್ಲರಿಗಿಂತ ಜೋರಾಗಿ ನನಗೆ ಜೈ ಎಂದಳು. ನಾಳೆ ಬೆಳಿಗ್ಗೆ ಹೆಸರಘಟ್ಟಕ್ಕೆ, ಅವಳ ಮನೆಗೆ ಹೋಗುತ್ತಿದ್ದೇನೆ. ನೀನು ಸಭೆಯಲ್ಲಿ ಆಡಿದ ಮಾತನ್ನೇ ಅವಳಿಗೆ ಹೇಳುತ್ತೇನೆ.