ಅಗಟ್ರು ಅಂದರೆ ಅಗತ್ಯ ಅಲ್ಲ

ಜೂನ್ 14, ಶನಿವಾರ. ಬೆಳಿಗ್ಗೆ 11

ಎರಡು ಸಲ ಕಾಫಿ ಆಯಿತು. ವಿನೋದಾಳ ಲ್ಯಾಪ್‌ಟಾಪಿನಲ್ಲಿ ಚಕ್ರ ಇನ್ನೂ ಸುತ್ತುತ್ತಲೇ ಇದೆ. ಅವಳ ಭಾನುವಾರದ ಕನ್ನಡ ಕ್ಲಾಸಿನ ಪಾಠಗಳೆಲ್ಲ ಇದರಲ್ಲೇ — ತಾಂಬರಂ ಸುತ್ತಲಿನ ಕನ್ನಡದ ಮನೆಗಳ ಹನ್ನೊಂದು ಮಕ್ಕಳಿಗೆಂದು ಅವಳೇ ಬರೆದು, ಚಿತ್ರ ಹಾಕಿ, ನಾಲ್ಕು ವರ್ಷ ಕೂಡಿಸಿದ್ದು. ವಿಂಡೋಸ್ ಹೊಸದಾಗಿ ಹಾಕದೆ ದಾರಿಯಿಲ್ಲ. ಸೆಕೆಂಡ್‌ಹ್ಯಾಂಡ್ ಮಾಲು, ಡಿಸ್ಕ್ ಕೊಟ್ಟಿರಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದೆ.

"ಡಿಸ್ಕೆಲ್ಲಾಂ ಇಪ್ಪೋ ಯಾರು ಸಾರ್ ಕುಡುಕ್ಕರಾಂಗ? ಉಳ್ಳೇಯೇ ಇರುಕ್ಕು. ರೀಸೆಟ್ ಪೋಡುಂಗ."

ಡಿಸ್ಕ್ ಈಗ ಯಾರೂ ಕೊಡುವುದಿಲ್ಲವಂತೆ. ಎಲ್ಲ ಒಳಗೇ ಇದೆಯಂತೆ, ರೀಸೆಟ್ ಮಾಡಿದರೆ ಸಾಕಂತೆ. ಸರಿ, ಅದೇನು ಮಹಾ.

ವಿನೋದಾ ತರಕಾರಿಗೆ ಹೊರಟಳು. "ರೀ, ಪಾಠ ಎಲ್ಲಾ ಪೆನ್‌ಡ್ರೈವಿಗೆ ಹಾಕ್ಕೊಂಡ್ರಾ?"

"ಹೂಂ ಕಣೇ, ಆಯ್ತು."

ಆಗಿಲ್ಲ. ಪೆನ್‌ಡ್ರೈವ್ ಎಲ್ಲಿದೆಯೋ, ಹುಡುಕಲು ಸೋಮಾರಿತನ.

ಅದೇ ದಿನ, ಮಧ್ಯಾಹ್ನ 3

ಹೋಯಿತು. ಎಲ್ಲ ಹೋಯಿತು.

ಬರೆದಾದರೂ ಇಡುತ್ತೇನೆ. ಹೇಳುವ ಧೈರ್ಯ ಇಲ್ಲ. ಮಗಳು ತೇಜು ಸ್ಕೂಲಿನ ತಮಿಳು ಹೋಂವರ್ಕಿಗೆಂದು ಕಂಪ್ಯೂಟರನ್ನೇ ತಮಿಳಿಗೆ ತಿರುಗಿಸಿಟ್ಟಿದ್ದಾಳೆ. ರೀಸೆಟ್ ಒತ್ತಿದರೆ ಎರಡು ಸಾಲು ಬಂದವು, ಒಂದನ್ನು ಆರಿಸಬೇಕು. ಚೆನ್ನೈಗೆ ಬಂದು ಏಳು ವರ್ಷ. ನನ್ನ ತಮಿಳು ಓದು ಬಸ್ ಬೋರ್ಡಿಗಷ್ಟೇ ಸಾಕು. ಅಕ್ಷರ ಕೂಡಿಸಿಕೊಂಡು ಓದಿದೆ. ಮೊದಲನೆಯದು — 'ಎನದು ಕೋಪ್ಪುಗಳೈ ವೈತ್ತಿರು'. ನನ್ನ ಕೋಪ? ಕಂಪ್ಯೂಟರಿಗೇಕೆ ನನ್ನ ಕೋಪ? ಎರಡನೆಯದು — 'ಎಲ್ಲಾವಟ್ರೈಯುಂ ಅಗಟ್ರು'. ಎಲ್ಲಾ, ಗೊತ್ತಾಯಿತು. ಅಗಟ್ರು... ಅಗತ್ಯ ಇರಬೇಕು. ಎಲ್ಲವೂ ಅಗತ್ಯ. ಹೌದಲ್ಲ! ಒತ್ತಿದೆ. ಇನ್ನೊಮ್ಮೆ ಏನೋ ಕೇಳಿತು. ಮತ್ತೆ ಒತ್ತಿದೆ.

ತೇಜು ಪಕ್ಕದ ರೂಮಿನಲ್ಲೇ ಇದ್ದಳು. ಹನ್ನೊಂದು ವರ್ಷದ ಮಗಳನ್ನು ಕರೆದು ಇದನ್ನು ಓದಮ್ಮ ಅನ್ನಲು ಮರ್ಯಾದೆ ಅಡ್ಡ ಬಂತು. ಈಗ ಫೋನಿನಲ್ಲಿ ಅರ್ಥ ನೋಡಿದೆ. ಕೋಪ್ಪು ಅಂದರೆ ಫೈಲು, ವೈತ್ತಿರು ಅಂದರೆ ಇಟ್ಟುಕೋ. ಅಗಟ್ರು ಅಂದರೆ ತೆಗೆದುಹಾಕು.

ಜೂನ್ 15, ಭಾನುವಾರ

ಕ್ಲಾಸಿಗೆ ಮುಂಚೆ ವಿನೋದಾ ಲ್ಯಾಪ್‌ಟಾಪ್ ತೆರೆದಳು. ಬಾಯಿಗೆ ಬಂದದ್ದು ಹೇಳಿಬಿಟ್ಟೆ — "ತೇಜು ಏನೋ ಗೇಮ್ ಹಾಕಿದ್ಲಲ್ಲ, ವೈರಸ್ ಬಂದಿರ್ಬೇಕು. ಪೆನ್‌ಡ್ರೈವಿನ ಕಾಪಿನೂ ಕೆಟ್ಟೋಗಿದೆ."

ತೇಜು ಅಳು ಮೋರೆ ಮಾಡಿದಳು, ತಾನು ಏನೂ ಡೌನ್‌ಲೋಡ್ ಮಾಡಿಲ್ಲವೆಂದು. "ಅಪ್ಪಾ, ನಾನ್ ಡೌನ್‌ಲೋಡೇ ಪಣ್ಣಲೇಪ್ಪಾ."

"ನೀನು ಸುಮ್ನಿರು," ಎಂದೆ. ನಾನೇ ಅಂದೆ.

ವಿನೋದಾ ಯಾರನ್ನೂ ಬೈಯಲಿಲ್ಲ. ತೇಜುವನ್ನು ಒಮ್ಮೆ ನೋಡಿದಳು, ಅಷ್ಟೇ. ಆಮೇಲೆ ಮಕ್ಕಳಿಗೆ ಬರೀ ಬಾಯಲ್ಲೇ ಪಾಠ ಹೇಳಿದಳು. ನನಗೆ ನಾಚಿಕೆಯಾಗುತ್ತಿದೆ.

ಜೂನ್ 18, ಬುಧವಾರ. ಎಲೆಕ್ಟ್ರಿಕ್ ಟ್ರೈನು, 8:10

ನಿಂತುಕೊಂಡೇ ಬರೆಯುತ್ತಿದ್ದೇನೆ. ಬೆಳಿಗ್ಗೆ ವಿನೋದಾ ಮೊದಲ ಪಾಠ ಮತ್ತೆ ಟೈಪ್ ಮಾಡುತ್ತಿದ್ದಳು. ಒಲೆ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಸಂಜೆ ಹೇಳಿಬಿಡುತ್ತೇನೆ. ಖಂಡಿತ.

ಜೂನ್ 27, ಶುಕ್ರವಾರ

ಹೇಳಿಲ್ಲ.

ತೇಜು ಅಮ್ಮನಿಗೆ ಚೀಟಿ ಬರೆದಿದ್ದಾಳೆ. ಕನ್ನಡದಲ್ಲಿ! ಕನ್ನಡದಲ್ಲಿ ಕೇಳಿದರೆ ತಮಿಳಲ್ಲಿ ಉತ್ತರ ಕೊಡುವವಳು, ಅಮ್ಮನ ಕ್ಲಾಸಿನಲ್ಲೇ ಕೂತು ಆಕಳಿಸುವವಳು.

'ಅಮ್ಮ ನನ್ನ ಗೆಮಿಂದ ನಿನ್ನ ಪಾಟ ಎಲ್ಲ ಹೊಯಿತು. ಸಾರಿ. ನಾನು ಬರೆದು ಕೊಡುತೆನೆ.'

ವಿನೋದಾ ಅತ್ತಳು, ನಕ್ಕಳು, ಫ್ರಿಜ್ಜಿಗೆ ಅಂಟಿಸಿದಳು. "ನೋಡ್ರೀ, ಪಾಠ ಹೋದ್ರೆ ಹೋಗ್ಲಿ. ಮಗಳು ಕನ್ನಡ ಬರೆದ್ಲಲ್ಲ."

ತೇಜುವನ್ನು ಬಾಲ್ಕನಿಗೆ ಕರೆದು ಕೇಳಿದೆ, ನೀನು ಡೌನ್‌ಲೋಡ್ ಮಾಡಿಲ್ಲ ಅಂದಿದ್ದೆಯಲ್ಲ ಪುಟ್ಟಿ?

"ನೀಂಗ ಸೊನ್ನೀಂಗಳೇಪ್ಪಾ. ಅಪ್ಪೋ ನಾನ್ ದಾನೇ?"

ನೀವೇ ಹೇಳಿದಿರಲ್ಲ, ಅಂದ ಮೇಲೆ ನಾನೇ ತಾನೇ — ಅಂತ. ತಲೆ ಸವರಿದೆ. ಹೇಡಿ.

ಜೂನ್ 29, ಭಾನುವಾರ. ಬೆಳಿಗ್ಗೆ 10

ಚೀಟಿ ಫ್ರಿಜ್ಜಿನ ಮೇಲಿಲ್ಲ. ಇವತ್ತು ಕ್ಲಾಸಿನಲ್ಲಿ ತೇಜು ಅದನ್ನು ಎಲ್ಲರ ಮುಂದೆ ಓದಬೇಕಂತೆ, ಉಳಿದ ಮಕ್ಕಳಿಗೂ ಬರೆಯುವ ಆಸೆ ಹುಟ್ಟಲಿ ಎಂದು. ಹಾಲ್‌ನಲ್ಲಿ ಅಮ್ಮ-ಮಗಳ ಅಭ್ಯಾಸ ನಡೆದಿದೆ. "ನನ್ನ ಗೇಮಿಂದ ನಿನ್ನ ಪಾಟ..."

"ಪಾಟ ಅಲ್ಲ ಚಿನ್ನ, ಪಾಠ. ಇನ್ನೊಂದ್ಸಲ ಹೇಳು."

ಹೇಳುತ್ತಿದ್ದಾಳೆ. ಪ್ರತಿ ಸಲವೂ ಇನ್ನಷ್ಟು ಸ್ಪಷ್ಟವಾಗಿ.

ಬೆಲ್ ಆಯಿತು. ಚಪ್ಪಲಿ ಬಿಡುವ ಸದ್ದು... ಮಕ್ಕಳು ಬಂದರು. ತೇಜು ಎದ್ದು ನಿಂತಿದ್ದಾಳೆ, ಇಲ್ಲಿಂದ ಕಾಣುತ್ತಿದೆ. ಇಲ್ಲ, ಇದು ಆಗಬಾರದು. ಹೋಗುತ್ತೇನೆ. ಹೋಗಿ ಮಕ್ಕಳ ಮುಂದೆಯೇ ಹೇಳುತ್ತೇನೆ — ವಿನೋದಾ, ಅವಳಲ್ಲ ಕಣೇ, ನಾ